ಸಂತ ಜೋಸೆಫ್ ವಾಜ್: ಒಡಕಿನ ನಡುವೆ ನಡೆದ ಗುರು

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ದೇವಾಲಯದ ಕಟ್ಟಡದ ಕಥೆ, ಗಂಟೆಯ ಕಥೆ, ಆಗಿಹೋದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ ಇವೆಲ್ಲ ಇರತಕ್ಕವೇ. ಅವುಗಳನ್ನು ಬರೆಯಲು ನಮಗಿಂತ ಹಿರಿಯರೂ ಬಲ್ಲವರೂ ಇದ್ದಾರೆ. ನಾವು ಬೇರೊಂದು ಮಾತನ್ನು ಎತ್ತಿಕೊಂಡಿದ್ದೇವೆ. ಒಂದೇ ಸೂರಿನ ಕೆಳಗೆ ನೂರು ವರ್ಷಗಳ ಕಾಲ ಕೂಡಿ ಮೊಣಕಾಲೂರಿದ ಜನರ ನಡುವೆ ಭಕ್ತಿಯೊಂದೇ ಬೆಳೆದಿರುವುದಿಲ್ಲ, ಮನಸ್ತಾಪಗಳೂ ಬೆಳೆದಿರುತ್ತವೆ. ಹಬ್ಬದ ಮೆರವಣಿಗೆಯಲ್ಲಿ ಮುಂದೆ ನಡೆಯುವವರು ಯಾರು, ಪೂಜೆಯು ಕೊಂಕಣಿಯಲ್ಲಿಯೋ ಮರಾಠಿಯಲ್ಲಿಯೋ ಕನ್ನಡದಲ್ಲಿಯೋ, ಅಜ್ಜನ ಕಾಲದ ಗದ್ದೆಯ ಬದು ಯಾರ ಪಾಲಿನದು ಎಂಬ ವಿಷಯಗಳಲ್ಲಿ ಮಾತು ಮಾತಿಗೆ ತಾಗಿ, ಅಣ್ಣತಮ್ಮಂದಿರು ಒಂದೇ ಇಗರ್ಜಿಯ ಎರಡು ಬದಿಗಳಲ್ಲಿ ಕುಳಿತು ಒಂದೇ ಪ್ರಸಾದವನ್ನು ಸ್ವೀಕರಿಸಿ ಎರಡು ಬಾಗಿಲುಗಳಿಂದ ಹೊರಗೆ ಹೋಗುವುದುಂಟು. ಬೆಳಗಾವಿ ಪಟ್ಟಣದಲ್ಲಾಗಲಿ ಖಾನಾಪುರದ ಹಳ್ಳಿಗಳಲ್ಲಾಗಲಿ ಇದನ್ನು ಕಂಡರಿಯದ ಧರ್ಮಕೇಂದ್ರವಿರಲಾರದು. ಆದುದರಿಂದ ಈ ಉತ್ಸವದ ವರ್ಷದಲ್ಲಿ, ವಿಶ್ವಾಸಿಗಳು ವಿಶ್ವಾಸಿಗಳೊಡನೆಯೇ ಕಾದಾಡಿದ ಕಾಲದಲ್ಲಿ ಎರಡು ಪಕ್ಷಗಳ ನಡುವೆ ಬರಿಗಾಲಿನಲ್ಲಿ ನಡೆದಾಡಿದ ಒಬ್ಬ ಗುರುವಿನ ಜೀವನವನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದೆವು. ಅವರು ಸಂತ ಜೋಸೆಫ್ ವಾಜ್.

ಅವರನ್ನು ಲಂಕೆಯ ಅಪೊಸ್ತಲರೆಂದು ಲೋಕವು ಬಲ್ಲದು. ಆದರೆ ಅವರು ನಮ್ಮ ನೆರೆಯವರು. ಖಾನಾಪುರ ತಾಲ್ಲೂಕಿನ ಭೀಮಗಡದ ಅರಣ್ಯದಲ್ಲಿ ಹುಟ್ಟುವ ಮಹದಾಯಿಯು ಘಟ್ಟವಿಳಿದು ಗೋವೆಯಲ್ಲಿ ಮಾಂಡೋವಿಯೆನಿಸಿಕೊಂಡು, ದಿವಾಡಿ ದ್ವೀಪವನ್ನು ಬಳಸಿ, ಹಳೆಯ ಗೋವಾ ನಗರದ ಮಗ್ಗುಲಲ್ಲಿ ಹರಿದು ಕಡಲನ್ನು ಸೇರುತ್ತದೆ. ಜೋಸೆಫ್ ವಾಜ್ ಅವರು ವಿದ್ಯೆ ಕಲಿತದ್ದೂ, ಗುರುವಾದದ್ದೂ, ಮುಂದೆ ತಮ್ಮ ಸಂಸ್ಥೆಯನ್ನು ನೆಲೆಗೊಳಿಸಿದ್ದೂ ಆ ನದಿಯ ದಡದ ನಗರದಲ್ಲಿಯೇ. ಘಟ್ಟದ ಮೇಲಿನ ನಮ್ಮ ಸೀಮೆಗೂ ಕೆಳಗಿನ ಗೋವೆಗೂ ಇರುವ ನಂಟು ಸಂತೆಯ ನಂಟು ಮಾತ್ರವಲ್ಲವೆಂಬುದು ಈ ಜೀವನಚರಿತ್ರೆ ಮುಂದುವರಿದಂತೆ ತಿಳಿಯುವುದು.

1651ನೆಯ ಇಸವಿಯ ಏಪ್ರಿಲ್ 21ರಂದು ಸಾಸಷ್ಟಿಯ ಬಾಣಾವಲಿ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ, ಅವರ ಜನನವಾಯಿತು. ತಂದೆ ಕ್ರಿಸ್ತೋವಾಂ ವಾಜ್, ಸಾಂಕ್ವಾಳದವರು. ತಾಯಿ ಮರಿಯಾ ದ ಮಿರಾಂದ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಮನೆಯವರು ಕೊಂಕಣಿ ಮಾತನಾಡುವ, ಅನುಕೂಲಸ್ಥರಾದ ಕಥೋಲಿಕರು. ಬಾಲಕನು ಸಾಂಕ್ವಾಳದಲ್ಲಿ ಪೋರ್ಚುಗೀಸನ್ನೂ ಬಾಣಾವಲಿಯಲ್ಲಿ ಲತೀನನ್ನೂ ಕಲಿತು, ಬಳಿಕ ಗೋವಾ ನಗರದ ಯೇಸುಸಭೆಯ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ನರ ಸಂತ ತೋಮಸ್ ಅಕ್ವಿನಾಸರ ವಿದ್ಯಾಪೀಠದಲ್ಲಿಯೂ ಓದಿದನು. 1676ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾಂವ್ ಅವರಿಂದ ಗುರುದೀಕ್ಷೆ ದೊರಕಿತು.

ಇದಕ್ಕೆ ಹಿಂದಿನ ವರ್ಷದ ಒಂದು ಸಂಗತಿಯನ್ನು ನಾವು ಹೇಳದೆ ಮುಂದೆ ಹೋಗಲಾರೆವು. 1675ರಲ್ಲಿ ಅವರಿಗೆ ಸೇವಾದರ್ಶಿ ಪಟ್ಟವನ್ನು ಕೊಟ್ಟವರು ಧರ್ಮಾಧ್ಯಕ್ಷ ಕುಸ್ತೋದಿಯೊ ದ ಪಿನ್ಹೊ ಅವರು. ಇವರು ಬಿಜಾಪುರ ಮತ್ತು ಗೋಲ್ಕೊಂಡ ಸೀಮೆಗಳಿಗೆ ರೋಮಿನಿಂದ ನೇಮಕಗೊಂಡ ಅಪೊಸ್ತಲಿಕ ವಿಕಾರರು. ಆಗ ಬೆಳಗಾವಿಯ ಕೋಟೆ ಬಿಜಾಪುರದ ಆದಿಲಶಾಹಿ ಸುಲ್ತಾನರ ಅಧೀನದಲ್ಲಿತ್ತು. ಅಂದರೆ ನಾವು ಇಂದು ವಾಸಿಸುವ ನೆಲವು ಯಾರ ಆಧ್ಯಾತ್ಮಿಕ ಪಾಲನೆಗೆ ಒಪ್ಪಿಸಲ್ಪಟ್ಟಿತ್ತೋ ಆ ಧರ್ಮಾಧ್ಯಕ್ಷರ ಕೈಯೇ ಈ ಸಂತನ ತಲೆಯ ಮೇಲೆ ಮೊದಲು ಇಳಿಯಿತು. ರೋಮಿನ ನೇಮಕದ ಧರ್ಮಾಧ್ಯಕ್ಷರಿಂದ ಒಂದು ಪಟ್ಟ, ಪೋರ್ಚುಗಲ್ ದೊರೆಯ ಆಶ್ರಯದ ಮಹಾಧರ್ಮಾಧ್ಯಕ್ಷರಿಂದ ಇನ್ನೊಂದು ಪಟ್ಟ. ಇವೆರಡು ಅಧಿಕಾರಗಳ ನಡುವಣ ವ್ಯಾಜ್ಯವೇ ಮುಂದೆ ಅವರ ಪಾಲಿಗೆ ಬಂದ ಮೊದಲ ದೊಡ್ಡ ಪರೀಕ್ಷೆಯಾಯಿತು.

ಆ ವ್ಯಾಜ್ಯದ ಮೂಲವನ್ನು ಕೊಂಚ ವಿವರಿಸಬೇಕು. ಪೋರ್ಚುಗೀಸರು ಕಡಲ ದಾರಿಯಿಂದ ಪೂರ್ವ ದೇಶಗಳಿಗೆ ಬಂದ ಕಾಲದಲ್ಲಿ, ಇಲ್ಲಿನ ದೇವಾಲಯಗಳನ್ನು ಕಟ್ಟಿಸುವ, ಗುರುಗಳನ್ನು ಪೋಷಿಸುವ ಹೊಣೆಯನ್ನು ಪೋಪ್ ಜಗದ್ಗುರುಗಳು ಪೋರ್ಚುಗಲ್ಲಿನ ದೊರೆಗೆ ವಹಿಸಿ, ಪ್ರತಿಯಾಗಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಕೊಟ್ಟರು. ಇದಕ್ಕೆ ಪದ್ರೊವಾದೊ ಎಂದು ಹೆಸರು. ಹದಿನೇಳನೆಯ ಶತಮಾನಕ್ಕೆ ಪೋರ್ಚುಗೀಸರ ಬಲ ಕುಂದಿತು. ದೊರೆಯ ಕೈ ತಲುಪದ ಸೀಮೆಗಳು ಹೆಚ್ಚಿದವು. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿಯವರು ಧರ್ಮಪ್ರಸಾರಕ್ಕಾಗಿ ರೋಮಿನಲ್ಲಿಯೇ ಪ್ರೊಪಗಾಂಡ ಎಂಬ ಮಂಡಲಿಯನ್ನು ಸ್ಥಾಪಿಸಿದರು. ಆ ಮಂಡಲಿಯ ಮೂಲಕ ಅಪೊಸ್ತಲಿಕ ವಿಕಾರರು ನೇರವಾಗಿ ಬರತೊಡಗಿದರು. ಗೋವೆಯವರಿಗೆ ಇದು ತಮ್ಮ ಹಕ್ಕಿನ ಅಪಹರಣವಾಗಿ ಕಂಡಿತು. ಪ್ರೊಪಗಾಂಡದವರಿಗೆ ಗೋವೆಯವರ ಪ್ರತಿಭಟನೆಯು ಜಗದ್ಗುರುಗಳ ವಿರುದ್ಧ ಎದ್ದ ದಂಗೆಯಾಗಿ ಕಂಡಿತು. ಎರಡು ಕಡೆಯಲ್ಲಿಯೂ ಕಾಗದಪತ್ರಗಳಿದ್ದವು. ಎರಡು ಕಡೆಯಲ್ಲಿಯೂ ಒಳ್ಳೆಯವರಿದ್ದರು. ಜಗಳಗಳು ಬೇಗನೆ ಮುಗಿಯದಿರುವುದು ಇಂಥಲ್ಲಿಯೇ.

ಕೆನರಾ ಸೀಮೆಗೆ 1674ರಲ್ಲಿ ನೇಮಕಗೊಂಡ ಅಪೊಸ್ತಲಿಕ ವಿಕಾರರು ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ. ಥಿಯಾಟಿನ್ ಸಭೆಗೆ ಸೇರಿದವರು, ರೋಮಿನಲ್ಲಿ ಓದಿದವರು; ಆದರೂ ಪರದೇಶಿಯರಲ್ಲ. ಅವರು ಗೋವೆಯವರೇ, ಬಿಜಾಪುರ ಸೀಮೆಯ ಮೊದಲ ಅಪೊಸ್ತಲಿಕ ವಿಕಾರರಾಗಿದ್ದ ದಿವಾಡಿಯ ಮತೇವುಸ್ ದ ಕಾಸ್ತ್ರೊ ಅವರ ಸೋದರ ಸಂಬಂಧದವರು. ಮಂಗಳೂರಿನಲ್ಲಿ ನೆಲೆಸಿ 1680ರಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದವರು ಇವರೇ. ಇವರ ನೇಮಕದ ವಿಷಯವನ್ನು ತಮಗೆ ವಿಧ್ಯುಕ್ತವಾಗಿ ತಿಳಿಸಿಲ್ಲವೆಂಬ ಕಾರಣದಿಂದ ಗೋವೆಯ ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಪದ್ರೊವಾದೊ ಗುರುಗಳು ತಮ್ಮ ಇಗರ್ಜಿಗಳನ್ನು ಬಿಟ್ಟುಕೊಡಲಿಲ್ಲ. ಧರ್ಮಾಧ್ಯಕ್ಷರು ತಮ್ಮ ಅಧಿಕಾರವನ್ನು ಬಿಟ್ಟುಕೊಡಲಿಲ್ಲ.

ದೊಡ್ಡವರ ಈ ಜಗಳದಲ್ಲಿ ನಲುಗಿದವರು ಮೀನು ಹಿಡಿಯುವವರು, ಗದ್ದೆ ಉಳುವವರು. ಯಾವ ಗುರುವಿಗೆ ಅಧಿಕಾರವುಂಟು, ಯಾವ ಗುರುವಿಗೆ ಇಲ್ಲ ಎಂಬುದೇ ಸಂದೇಹವಾದ ಮೇಲೆ, ನಾವು ಮಾಡಿದ ಪಾಪನಿವೇದನೆ ಪರಲೋಕದಲ್ಲಿ ಸಲ್ಲುವುದೋ ಇಲ್ಲವೋ, ನಮ್ಮ ಮಗಳ ಮದುವೆ ಮದುವೆಯೇ ಹೌದೋ ಅಲ್ಲವೋ ಎಂಬ ಭಯವು ಮನೆಮನೆಯನ್ನು ಹೊಕ್ಕಿತು. ಸಾಯುವವನ ಹಾಸಿಗೆಯ ಬಳಿಗೆ ಯಾರನ್ನು ಕರೆಯಬೇಕೆಂದು ಬಂಧುಗಳು ಎರಡಾಗುವ ಸ್ಥಿತಿಯನ್ನು ನಮ್ಮ ವಾಚಕರು ಊಹಿಸಿಕೊಳ್ಳಬಲ್ಲರು.

ಗೋವೆಯಲ್ಲಿ ಈ ನಡುವೆ ಯುವ ಗುರು ಜೋಸೆಫ್ ವಾಜ್ ಅವರು ಪ್ರವಚನಕಾರರಾಗಿ, ಪಾಪನಿವೇದನೆಯ ಗುರುವಾಗಿ ಹೆಸರಾಗಿದ್ದರು. ಗುರುದೀಕ್ಷೆಯಾದ ಮೇಲೆ ಬಡವರಂತೆ ತಾವೂ ಕಾಲಿಗೆ ಪಾದರಕ್ಷೆ ಹಾಕುವುದನ್ನು ಬಿಟ್ಟರು. ಸಾಂಕ್ವಾಳದಲ್ಲಿ ಹುಡುಗರಿಗೆ ಲತೀನ್ ಕಲಿಸುವ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು ತಮ್ಮನ್ನು ಮೇರಿಮಾತೆಯ ಗುಲಾಮನೆಂದು ಬರಹದ ಮೂಲಕ ಅರ್ಪಿಸಿಕೊಂಡರು. ಗುರುಗಳಿಲ್ಲದೆ ಸೊರಗಿದ್ದ ಲಂಕೆಯ ಕಥೋಲಿಕರ ಸುದ್ದಿ ಕೇಳಿ ಅಲ್ಲಿಗೆ ಕಳುಹಿಸಿರೆಂದು ಬೇಡಿಕೊಂಡರು. ಆಗ ಮಹಾಧರ್ಮಕ್ಷೇತ್ರದ ಆಡಳಿತವನ್ನು ನಡೆಸುತ್ತಿದ್ದ ಕಥೀದ್ರಲ್ ಮಂಡಲಿಯವರು ಲಂಕೆಯ ಬದಲು ಕೆನರಾಕ್ಕೆ ಹೋಗೆಂದರು. ಹೀಗೆ 1681ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅವರು ಕೆನರಾದ ವಿಕಾರ್ ಫೊರೇನ್ ಆಗಿ, ಅಂದರೆ ಆ ಸೀಮೆಯ ಗುರುಗಳ ಮೇಲ್ವಿಚಾರಕರಾಗಿ, ದಕ್ಷಿಣಕ್ಕೆ ಹೊರಟರು. ಅಲ್ಲಿ ಪದ್ರೊವಾದೊ ಅಧಿಕಾರವನ್ನು ಎತ್ತಿಹಿಡಿಯುವುದು ಅವರಿಗೆ ವಹಿಸಿದ ಕೆಲಸವಾಗಿತ್ತು. ಕಳುಹಿಸಿದವರ ಮನಸ್ಸಿನಲ್ಲಿ ಅವರು ಒಂದು ಪಕ್ಷದ ವಕೀಲರು.

ಆ ಸೀಮೆಯನ್ನು ಆಗ ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಚೆನ್ನಮ್ಮನೆಂದೊಡನೆ ಬೆಳಗಾವಿಯ ನಮಗೆ ಕಿತ್ತೂರೇ ನೆನಪಿಗೆ ಬರುವುದು ಸಹಜ. ಇವಳು ಕಿತ್ತೂರಿನ ರಾಣಿಗಿಂತ ಒಂದೂವರೆ ಶತಮಾನದಷ್ಟು ಮುಂಚಿನವಳು.

ಮಂಗಳೂರನ್ನು ತಲುಪಿದ ಜೋಸೆಫ್ ವಾಜ್ ಅವರು ಏನು ಮಾಡಬಹುದಾಗಿತ್ತು? ತಮ್ಮ ಪಕ್ಷದ ಗುರುಗಳನ್ನು ಕೂಡಿಸಿ, ಎದುರು ಪಕ್ಷದವರನ್ನು ಖಂಡಿಸುವ ಆಜ್ಞೆಯನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಬಹುದಾಗಿತ್ತು. ಅದಕ್ಕೆ ಬೇಕಾದ ಅಧಿಕಾರಪತ್ರ ಅವರ ಬಳಿಯಲ್ಲಿಯೇ ಇತ್ತು, ಯಾರೂ ಅವರನ್ನು ತಪ್ಪಿತಸ್ಥರೆನ್ನುತ್ತಿರಲಿಲ್ಲ. ಅವರು ನೆಟ್ಟಗೆ ಧರ್ಮಾಧ್ಯಕ್ಷ ಕಾಸ್ತ್ರೊ ಅವರನ್ನು ಕಾಣಲು ಹೋದರು. ಮುಂದೆ ಅವರು ಕಡಲು ದಾಟಿದರು, ಸೆರೆಮನೆಯನ್ನು ಕಂಡರು. ಆದರೂ ಅವರ ಬಾಳಿನಲ್ಲಿ ಬಲು ಕಠಿಣವಾದ ಹೆಜ್ಜೆ ಎದುರು ಪಕ್ಷದ ಆ ಹೊಸ್ತಿಲನ್ನು ದಾಟಿದ್ದೇ ಎಂದು ನಮಗೆ ತೋರುತ್ತದೆ. ಪರಕೀಯರ ಹಿಂಸೆಯನ್ನು ಸಹಿಸುವುದಕ್ಕೆ ಧೈರ್ಯ ಸಾಕು. ನಮ್ಮವರಿಂದ ನೊಂದಿರುವ, ನಮ್ಮವರನ್ನು ನೋಯಿಸಿಯೂ ಇರುವ ಸಹವಿಶ್ವಾಸಿಯ ಮನೆಗೆ ತಾನೇ ಮೊದಲಾಗಿ ಹೋಗುವುದಕ್ಕೆ ಇನ್ನೇನೋ ಬೇಕು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂದು ಕಲಿಸಿದ ಪ್ರಭುವು, ತಪ್ಪು ಯಾರದೆಂಬುದನ್ನು ಅಲ್ಲಿ ವಿಚಾರಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಸಹೋದರನ ಮನಸ್ಸಿನಲ್ಲಿ ಏನಾದರೂ ಇದೆಯೆಂದು ನೆನಪಾದರೆ ಸಾಕು, ಹೋಗತಕ್ಕದ್ದು.

ಮಾತುಕತೆಗಳು ನಡೆದವು. ಧರ್ಮಾಧ್ಯಕ್ಷರು ತಮ್ಮ ನೇಮಕದ ಪತ್ರವನ್ನು ತೋರಿಸಿದರು. ಜೋಸೆಫ್ ವಾಜ್ ಅವರು ಅದನ್ನು ನೋಡಿದರು. ಇಷ್ಟು ಸಣ್ಣ ಕೆಲಸ, ಆದರೂ ಅದನ್ನು ಮಾಡುವ ಮನಸ್ಸು ಆವರೆಗೆ ಗೋವೆಯಲ್ಲಿ ಕಂಡುಬಂದಿರಲಿಲ್ಲ. ಮೇಲಿನ ಅಂತಿಮ ನಿರ್ಣಯ ಬರುವವರೆಗೆ ಒಂದು ಹೊಂದಾಣಿಕೆಗೆ ಇಬ್ಬರೂ ಒಪ್ಪಿದರು. ಗೋವೆಯಿಂದ ಅಧಿಕಾರ ಪಡೆದು ಬಂದಿದ್ದ ಈ ಗುರು, ಜನರ ಸಂಸ್ಕಾರಗಳ ಬಗೆಗೆ ಯಾವ ಸಂಶಯವೂ ಉಳಿಯಬಾರದೆಂದು, ಧರ್ಮಾಧ್ಯಕ್ಷ ಕಾಸ್ತ್ರೊ ಅವರಿಂದಲೂ ಅಧಿಕಾರವನ್ನು ಪಡೆದುಕೊಂಡರು. ವ್ಯಾಜ್ಯವು ಹಾಗೆಯೇ ಉಳಿಯಿತು. ಗೋವೆಯ ಹೊಸ ಮಹಾಧರ್ಮಾಧ್ಯಕ್ಷ ಮನುವೆಲ್ ದ ಸೋಜ ಇ ಮೆನೆಜೆಸ್ ಅವರೂ ಕಾಸ್ತ್ರೊ ಅವರ ನೇಮಕವನ್ನು ಮಾನ್ಯಮಾಡಲಿಲ್ಲ. ಹಕ್ಕಿನ ಪ್ರಶ್ನೆಯನ್ನು ಜೋಸೆಫ್ ವಾಜ್ ಅವರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಅದು ತಮ್ಮ ಕೈಯಲ್ಲಿ ಇಲ್ಲವೆಂದು ಬದಿಗಿಟ್ಟರು. ಆದರೆ ಇಬ್ಬರ ಕೈಯಿಂದಲೂ ಅಧಿಕಾರ ಪಡೆದ ಗುರುವಿನ ಬಳಿಗೆ ಎರಡು ಪಕ್ಷದ ಜನರೂ ನಿರ್ಭಯವಾಗಿ ಬರಬಹುದಾಯಿತು. ಗೌರವವನ್ನು ಕೊಂಚ ಕಳೆದುಕೊಂಡವರು ಒಬ್ಬರು, ಮನಶ್ಶಾಂತಿಯನ್ನು ಪಡೆದವರು ಸಾವಿರಾರು.

ಆಮೇಲಿನ ಮೂರು ವರ್ಷಗಳು ದುಡಿಮೆಯ ವರ್ಷಗಳು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರ ಹೀಗೆ ಕರಾವಳಿಯುದ್ದಕ್ಕೂ ಅವರು ನಡೆದರು. ಹಾಳುಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಹೊಸವನ್ನು ಕಟ್ಟಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತರ ಸಹೋದರ ಸಂಘಗಳನ್ನು ಸ್ಥಾಪಿಸಿದರು. ಸಾಲ ತೀರಿಸಲಾರದೆ ಗುಲಾಮಗಿರಿಗೆ ಬಿದ್ದ ಬಡ ಕುಟುಂಬಗಳನ್ನು ಹಣ ತೆತ್ತು ಬಿಡಿಸಿದರು. ಸಂಘಗಳ ವಿಷಯದಲ್ಲಿ ನಾವು ಒಂದು ಮಾತನ್ನು ಸೇರಿಸಬಯಸುತ್ತೇವೆ. ನಿನ್ನೆಯವರೆಗೆ ಮುಖ ತಿರುಗಿಸಿದ್ದವರು ಒಂದೇ ಜಪಸರವನ್ನು ಕೂಡಿ ಹೇಳಬೇಕಾದರೆ, ಒಂದೇ ಹೆಣವನ್ನು ಕೂಡಿ ಹೊರಬೇಕಾದರೆ, ಕ್ಷಮೆಯ ಮಾತು ಬಾಯಿಂದ ಹೊರಡುವ ಮೊದಲೇ ಅರ್ಧ ಕೆಲಸವಾಗಿರುತ್ತದೆ. ಇದು ನಮ್ಮ ಹಳ್ಳಿಗಳ ಅನುಭವವೂ ಹೌದು. 1684ರಲ್ಲಿ ಅವರು ಗೋವೆಗೆ ಮರಳಿದರು. ಅದೇ ವರ್ಷ ಧರ್ಮಾಧ್ಯಕ್ಷ ಕಾಸ್ತ್ರೊ ಅವರೂ ಮಂಗಳೂರಿನಲ್ಲಿ ತೀರಿಕೊಂಡರು.

ಗೋವೆಯಲ್ಲಿ ಕೆಲವು ಸ್ಥಳೀಯ ಗುರುಗಳು ಪವಾಡದ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳತೊಡಗಿದ್ದರು. ಸ್ಥಳೀಯರಿಗೆ ಯುರೋಪಿನ ಸಂನ್ಯಾಸಿ ಸಭೆಗಳ ಬಾಗಿಲು ಮುಚ್ಚಿದ್ದ ಕಾಲವದು. 1685ರ ಸೆಪ್ಟೆಂಬರಿನಲ್ಲಿ ಜೋಸೆಫ್ ವಾಜ್ ಅವರು ಇವರನ್ನು ಸೇರಿ ಅವರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸಿದ ಈ ಓರಟರಿ, ನಮ್ಮ ದೇಶದ ಗುರುಗಳೇ ನಡೆಸಿದ ಮೊದಲ ಧಾರ್ಮಿಕ ಸಂಸ್ಥೆ. ಮರುವರ್ಷವೇ ಅವರು ಆ ಪದವಿಯನ್ನು ಬಿಟ್ಟು, ಜುವಾಂವ್ ಎಂಬ ಸೇವಕನೊಬ್ಬನೊಡನೆ ಕೆನರಾ, ಕೊಚ್ಚಿ, ತೂತುಕುಡಿಗಳ ಮಾರ್ಗವಾಗಿ ಲಂಕೆಗೆ ಹೊರಟು, 1687ರಲ್ಲಿ ಯಾಳ್ಪಾಣವನ್ನು ಮುಟ್ಟಿದರು.

ಅಲ್ಲಿ ಡಚ್ಚರ ಆಳ್ವಿಕೆ. ಅವರು ಯಾಳ್ಪಾಣವನ್ನು 1658ರಲ್ಲಿ ಗೆದ್ದ ಬಳಿಕ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಜೋಸೆಫ್ ವಾಜ್ ಅವರು ಕೂಲಿಯವನ, ಭಿಕ್ಷುಕನ ವೇಷದಲ್ಲಿ, ಕೊರಳಿನ ಜಪಸರವೊಂದನ್ನೇ ಗುರುತಾಗಿಟ್ಟುಕೊಂಡು ಮನೆಮನೆಗೆ ಬೇಡುತ್ತ ಕಥೋಲಿಕರನ್ನು ಹುಡುಕಿದರು. ಭೇದಿಯ ರೋಗ ತಗುಲಿ ಸಾಯುವ ಸ್ಥಿತಿಗೆ ಬಂದಾಗ ಒಬ್ಬ ಪುಣ್ಯಸ್ತ್ರೀ ಗಂಜಿಯಿತ್ತು ಬದುಕಿಸಿದಳು.

ನಮ್ಮ ವಿಷಯಕ್ಕೆ ಹತ್ತಿರವಾದುದು ಅಲ್ಲಿ ಅವರು ಕಂಡ ಜನರ ಸ್ಥಿತಿ. ಗುರುಗಳಿಲ್ಲದ ಮೂವತ್ತು ವರ್ಷಗಳಲ್ಲಿ ಅನೇಕರು ಡಚ್ಚರ ದೇವಾಲಯಗಳಿಗೆ ಹೋಗಿ ಹೆಸರು ಬರೆಯಿಸಿದ್ದರು. ಆಸ್ತಿ ಉಳಿಯಬೇಕಾದರೆ, ಉದ್ಯೋಗ ಸಿಗಬೇಕಾದರೆ, ಮದುವೆ ಸಲ್ಲಬೇಕಾದರೆ ಹಾಗೆ ಮಾಡದೆ ವಿಧಿಯಿರಲಿಲ್ಲ. ಬಾಗದೆ ನಿಂತು ನಷ್ಟಪಟ್ಟವರೂ ಇದ್ದರು. ಬಾಗಿದವರಿಗೂ ನಿಂತವರಿಗೂ ನಡುವೆ ಹೇಗೆ ಹಳಸಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಸೆಫ್ ವಾಜ್ ಅವರು ರಾತ್ರಿಯ ಕತ್ತಲೆಯಲ್ಲಿ ಪಾಪನಿವೇದನೆಯನ್ನು ಕೇಳಿ, ಪೂಜೆಯನ್ನರ್ಪಿಸಿ, ಬೆಳಗಾಗುವ ಮುನ್ನ ಊರನ್ನು ಬಿಡುತ್ತಿದ್ದರು. ಬಿದ್ದವನು ಏಳಬಯಸಿದರೆ ಸಾಕು, ಬಾಗಿಲು ತೆರೆದಿತ್ತು. ಪಾಪನಿವೇದನೆಯ ಸಂಸ್ಕಾರವು ಮನುಷ್ಯನನ್ನು ದೇವರೊಡನೆ ಮಾತ್ರ ಕೂಡಿಸುವುದಿಲ್ಲ, ಸಭೆಯೊಡನೆಯೂ ಕೂಡಿಸುತ್ತದೆ ಎಂದು ನಾವು ಜ್ಞಾನೋಪದೇಶದಲ್ಲಿ ಕಲಿಯುತ್ತೇವೆ. ಕತ್ತಲೆಯ ಆ ಗುಡಿಸಲುಗಳಲ್ಲಿ, ನಿಂತವನೂ ಬಾಗಿದವನೂ ಒಂದೇ ದೀಪದ ಬೆಳಕಿನಲ್ಲಿ ಅಕ್ಕಪಕ್ಕದಲ್ಲಿ ಮೊಣಕಾಲೂರಿದಾಗ ಆ ಪಾಠವು ಎಲ್ಲರ ಕಣ್ಣಿಗೂ ಕಾಣುವಂತಾಯಿತು.

1692ರಲ್ಲಿ ಅವರು ನಡುನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದರು. ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟಂಟನೊಬ್ಬನು ಇವರನ್ನು ಪೋರ್ಚುಗೀಸರ ಗೂಢಚಾರರೆಂದು ಅರಸ ಎರಡನೆಯ ವಿಮಲಧರ್ಮಸೂರ್ಯನಿಗೆ ದೂರಿತ್ತನು. ಅವನೂ ಕ್ರಿಸ್ತನ ಹೆಸರನ್ನು ಹೊತ್ತವನೇ ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಬಂಧನವಾಯಿತು. ಸೆರೆಯಲ್ಲಿಯೇ ಗುಡಿಸಲಿನ ಪ್ರಾರ್ಥನಾಲಯವೊಂದು ಎದ್ದಿತು, ಸಿಂಹಳ ಭಾಷೆಯ ಅಭ್ಯಾಸ ನಡೆಯಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದಿತೆಂದೂ ಆಮೇಲೆ ಅರಸನು ಅವರಿಗೆ ಸ್ವಾತಂತ್ರ್ಯವನ್ನಿತ್ತನೆಂದೂ ಸಂಪ್ರದಾಯವು ಹೇಳುತ್ತದೆ. ಬೌದ್ಧನಾದ ಆ ಅರಸನು ಮುಂದೆ ಅವರ ರಕ್ಷಕನೇ ಆದನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಅರಸನೂ ಆಸ್ಥಾನಿಕರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟುಬರುವ ಕಾಲ ಬಂದಿತು. ಜೋಸೆಫ್ ವಾಜ್ ಅವರೂ ಗೋವೆಯಿಂದ ಬಂದಿದ್ದ ಅವರ ಬಂಧು ಗುರು ಜೋಸೆಫ್ ಕಾರ್ವಾಲ್ಯೊ ಅವರೂ ಊರಿನಲ್ಲಿ ಉಳಿದು, ತಮ್ಮ ಮತ ಅನ್ಯಮತವೆಂಬ ಭೇದವಿಲ್ಲದೆ, ಗುಡಿಸಲು ಕಟ್ಟಿ ಗಂಜಿ ಕಾಯಿಸಿ ಹುಣ್ಣು ತೊಳೆದು, ಸತ್ತವರಿಗೆ ಗುಂಡಿ ತೋಡಿದರು. ತಮ್ಮನ್ನು ಸೆರೆಯಲ್ಲಿಟ್ಟ ಪಟ್ಟಣಕ್ಕೆ ಅವರು ಸಲ್ಲಿಸಿದ ಉತ್ತರ ಇದು. ಕ್ಷಮಿಸಿದೆನೆಂದು ಅವರು ಬಾಯಿಬಿಟ್ಟು ಹೇಳಿದರೋ ಇಲ್ಲವೋ ಎಂಬ ಪ್ರಶ್ನೆ ಯಾರಿಗೂ ಏಳಲಿಲ್ಲ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರ ಪಾದವನ್ನು ಸೇರಿದರು. ಒಮ್ಮೆಯೂ ಊರಿಗೆ ಮರಳಿರಲಿಲ್ಲ. ಅರವತ್ತು ವರ್ಷಗಳೂ ತುಂಬಿರಲಿಲ್ಲ.

ಅವರು ಕೆನರಾದಲ್ಲಿ ಕಟ್ಟಿದ ಶಾಂತಿಯು ಅವರ ಹಿಂದೆಯೇ ಸಡಿಲಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಪದ್ರೊವಾದೊ ಮತ್ತು ಪ್ರೊಪಗಾಂಡಗಳ ವ್ಯಾಜ್ಯವು ಇನ್ನೂ ಇನ್ನೂರು ವರ್ಷ ಬೆಳೆಯಿತು. 1838ರಲ್ಲಿ ರೋಮಿನಿಂದ ಬಂದ ಆಜ್ಞೆಯ ಬಳಿಕ ಅದು ಉರಿಯಾಗಿಯೇ ಎದ್ದಿತು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರಿಗೂ ಪೋರ್ಚುಗಲ್ ದೊರೆಗೂ ಒಪ್ಪಂದವಾಗಿ, ಅದೇ ವರ್ಷ ಪೂನಾ ಧರ್ಮಕ್ಷೇತ್ರವು ಸ್ಥಾಪನೆಯಾದ ಮೇಲೂ, ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಕೆಲವು ದೇವಾಲಯಗಳು ಗೋವೆಯ ಕಡೆಗೂ ಕೆಲವು ಪೂನೆಯ ಕಡೆಗೂ ನೋಡುತ್ತಿದ್ದವು. ಈ ಎರಡರ ಭಾಗಗಳನ್ನು ಕೂಡಿಸಿ 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಕ್ಷೇತ್ರವನ್ನು ರಚಿಸಲಾಯಿತು; ಧರ್ಮಾಧ್ಯಕ್ಷ ಮೈಕೆಲ್ ರೊಡ್ರಿಗಸ್ ಅವರು ಅದರ ಮೊದಲ ಪಾಲಕರಾದರು. ಉತ್ತರ ಕನ್ನಡವೂ ಇದರೊಳಗೇ ಇದ್ದುದರಿಂದ, 1976ರಲ್ಲಿ ಕಾರವಾರವು ಪ್ರತ್ಯೇಕ ಧರ್ಮಕ್ಷೇತ್ರವಾಗುವವರೆಗೆ, ಜೋಸೆಫ್ ವಾಜ್ ಅವರು ಇಗರ್ಜಿ ಕಟ್ಟಿಸಿದ ಹೊನ್ನಾವರವು ನಮ್ಮ ಧರ್ಮಕ್ಷೇತ್ರಕ್ಕೇ ಸೇರಿತ್ತು. ಗೋವೆಯಿಂದ ಬಂದವರ ಮಕ್ಕಳೂ ಪೂನೆಯ ಗುರುಗಳ ಕೈಯಲ್ಲಿ ಸ್ನಾನದೀಕ್ಷೆ ಪಡೆದವರ ಮಕ್ಕಳೂ ಇಂದು ಒಂದೇ ಪೀಠದ ಮುಂದೆ ಮದುವೆಯಾಗುತ್ತಾರೆ; ಯಾರ ಮದುವೆಯೂ ಸಂದೇಹಕ್ಕೆ ಸಿಲುಕುವುದಿಲ್ಲ. ಇದು ಹೀಗಿರಲಿಲ್ಲವೆಂಬ ನೆನಪು ಕೂಡ ನಮ್ಮ ಯುವಕರಿಗೆ ಇಲ್ಲ.

ಪೋಪ್ ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಜನವರಿ 16 ಅವರ ಹಬ್ಬ. ಮಂಗಳೂರಿನ ಬಳಿಯ ಮುಡಿಪಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಯಾತ್ರಿಕರು ಇಂದಿಗೂ ಹೋಗುತ್ತಾರೆ. ಸಾಂಕ್ವಾಳದಲ್ಲಿಯೂ ಅವರ ಸನ್ನಿಧಿಯುಂಟು, ಖಾನಾಪುರದಿಂದ ಘಟ್ಟವಿಳಿದರೆ ಅದು ಒಂದು ದಿನದ ಪ್ರಯಾಣವಷ್ಟೆ. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಜಾಗ ಮಾತ್ರ ಎಲ್ಲಿಯೆಂದು ಈಗ ಯಾರಿಗೂ ತಿಳಿಯದು.